ಲೆಂಟಿಗೆ ಬಿಟ್ಟ ಕೊನೆಯ ಅಧ್ಯಾಯ

ಅಥವಾ ಆ ಪುಸ್ತಕದ ರಟ್ಟು ನೀಲಿಯಾಗಿರಲೇ ಇಲ್ಲವೇನೋ. ನೀಲಿ ಎಂದು ನೆನಪು ಹೇಳುತ್ತದೆ. ಅದರ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ಆಗಿನ ದಿನಗಳಲ್ಲಿ ಭದ್ರಾವತಿಯ ಓಲ್ಡ್ ಟೌನಿನಲ್ಲಿ ಒಣಹಾಕಿದ ಬಟ್ಟೆಗೂ ಕಾರ್ಖಾನೆಯ ಮಸಿ ಕೂರುತ್ತಿತ್ತು, ಕೊನೆಗೆ ಎಲ್ಲದರ ಬಣ್ಣವೂ ಒಂದೇ.

ಪುಸ್ತಕ ಗ್ರೇಸ್ ಚಿಕ್ಕಮ್ಮನದು, ಅಮ್ಮನ ತಂಗಿಯದು. ಊರು ಬಿಟ್ಟುಹೋದ ಮಿಷನ್ ದೊರೆಸಾನಿಯೊಬ್ಬಳು ಕೊಟ್ಟ ಇಂಗ್ಲಿಷ್ ಕಾದಂಬರಿಗಳು ಅವಳ ಟ್ರಂಕಿನಲ್ಲಿ ನುಸಿಗುಳಿಗೆಯ ವಾಸನೆ ಹೊತ್ತು ಮಲಗಿದ್ದವು. ಎಲ್ಲದರಲ್ಲೂ ಒಬ್ಬ ಅನಾಥ ಹುಡುಗಿ, ಒಬ್ಬ ಗಂಭೀರ ಪಾದ್ರಿ, ನಡುವೆ ಬೇಕಾದಷ್ಟು ಪ್ರಾರ್ಥನೆ. ಅಮ್ಮ ಸಂತೆಗೆ ಹೋದಾಗ ಚಿಕ್ಕಮ್ಮ ಅವರೆಕಾಯಿ ಸುಲಿಯುತ್ತ, ಸಿಪ್ಪೆಯ ರಾಶಿಯ ಮೇಲೆ ಪುಸ್ತಕ ತೆರೆದಿಟ್ಟು, ನನಗೆ ಕನ್ನಡದಲ್ಲಿ ಕತೆ ಹೇಳುತ್ತಿದ್ದಳು. ಪುಟದ ಮೂಲೆಗಳಿಗೂ ಅವರೆಯ ಸೊಗಡು ಹತ್ತಿತ್ತು.

"ಈ ಪಾದ್ರಿ ಯಾಕೆ ಮಾತೇ ಆಡಲ್ಲ?" ಎಂದು ಕೇಳಿದೆ.

"ಪ್ರೀತಿ ಜಾಸ್ತಿ ಇದ್ದೋರು ಹಾಗೇ ಕಣೇ. ಕೊನೇ ಅಧ್ಯಾಯದಲ್ಲಿ ಬಾಯಿ ಬಿಡ್ತಾರೆ."

ಒಮ್ಮೆ ಅಮ್ಮ ಬೇಗ ಬಂದಳು. "ಏನೇ ಗ್ರೇಸಿ, ಪಾತ್ರೇಲಿ ಕಾಳಿಗಿಂತ ಸಿಪ್ಪೆನೇ ಜಾಸ್ತಿ ಇದೆ! ಮತ್ತೆ ಆ ಪುಸ್ತಕನಾ?"

"ಇದರಲ್ಲಿ ಬೈಬಲ್ ವಚನ ಇದೆ ಅಕ್ಕಾ."

"ವಚನ ಓದಿ ಯಾರ ಮುಖ ಹೀಗೆ ಕೆಂಪಾಗುತ್ತೆ ಮಾರಾಯ್ತಿ?"

ಉಪವಾಸದ ಕಾಲ ಲೆಂಟ್ ಬಂತು. ಈಸ್ಟರಿನವರೆಗೆ ಮನೆಯಲ್ಲಿ ಪ್ರತಿಯೊಬ್ಬರೂ ಒಂದು ಆಸೆ ಬಿಡಬೇಕು. ಅಪ್ಪ ಬೀಡಿ ಬಿಟ್ಟರು, ನಾನು ಬೆಲ್ಲ. ಚಿಕ್ಕಮ್ಮ ಏನು ಬಿಡಬೇಕೆಂದು ಅಮ್ಮನೇ ಆರಿಸಿದಳು. ಅವಳು ಓದುತ್ತಿದ್ದ ಕಾದಂಬರಿಯ ಕೊನೆಯ ಅಧ್ಯಾಯವೊಂದೇ ಉಳಿದಿತ್ತು.

"ಅದೊಂದು ಓದ್ಬಿಡ್ತೀನಿ."

"ಬೇಡ. ಇಷ್ಟ ಇರೋದನ್ನ ಬಿಟ್ರೇನೇ ಬಿಟ್ಟ ಹಾಗೆ." ಟ್ರಂಕಿನ ಬೀಗದ ಕೈ ಅಮ್ಮನ ಸೆರಗಿನ ಗಂಟು ಸೇರಿತು.

ಆ ವಾರಗಳಲ್ಲೇ ಶಿವಮೊಗ್ಗದ ಚರ್ಚಿನಲ್ಲಿ ಬೋಧನೆ ಮಾಡುವ ಒಬ್ಬ ಉಪದೇಶಿ ಹೆಣ್ಣು ನೋಡಲು ಬಂದರು. ಮೊದಲ ಹೆಂಡತಿ ತೀರಿಕೊಂಡಿದ್ದಳು. ಕಪ್ಪು ಕೋಟು ಹಾಕಿದ್ದರು. ಟೀ ಕುಡಿದರು, ಗೋಡೆ ನೋಡಿದರು, ತುಟಿ ಬಿಚ್ಚಲಿಲ್ಲ. ಅವರು ಹೋದ ಮೇಲೆ ಅಪ್ಪ ಗೊಣಗಿದರು: "ಕಂಬಕ್ಕೆ ಕೋಟು ಹಾಕಿದಂಗಿದೆ. ಬೇಡ ಅನ್ಸಿದ್ರೆ ಹೇಳ್ಬಿಡಮ್ಮ ಗ್ರೇಸಿ, ಯಾರೂ ಬಲವಂತ ಮಾಡಲ್ಲ."

ಚಿಕ್ಕಮ್ಮ ತಲೆ ತಗ್ಗಿಸಿ ಒಪ್ಪಿದಳು. ನನ್ನ ಕಿವಿಯಲ್ಲಿ, "ಮಾತಾಡ್ತಾರೆ, ನೋಡ್ತಿರು" ಎಂದಳು. ಹಾಗೆಂದಳೇ? ಆಮೇಲೆ ನಾನೇ ಕಟ್ಟಿಕೊಂಡ ಮಾತೂ ಇರಬಹುದು. ಒಪ್ಪಿದ್ದಂತೂ ನಿಜ.

ಈಸ್ಟರ್ ಕಳೆದ ಕೂಡಲೇ ಮದುವೆಯಾಯಿತು. ಟ್ರಂಕು, ಬೀಗದ ಕೈ ಎರಡೂ ಅವಳ ಜೊತೆ ಹೋದವು. ಬೇಸಿಗೆ ರಜೆಯಲ್ಲಿ ನಾನು ಶಿವಮೊಗ್ಗಕ್ಕೆ ಹೋದಾಗ ಆ ಟ್ರಂಕಿನ ತುಂಬ ಅಕ್ಕಿಯಿತ್ತು.

"ಪುಸ್ತಕ ಎಲ್ಲಿ ಚಿಕ್ಕಮ್ಮ?"

"ಒಲೆ ಹಚ್ಚೋಕೆ ಆಯ್ತು. ಅವರಿಗೆ ಕತೆಗಿತೆ ಆಗಲ್ಲ."

ಒಳಕೋಣೆಯಲ್ಲಿ ಲೋಟ ನೆಲಕ್ಕೆ ಕುಟ್ಟಿದ ಸದ್ದಾಯಿತು. ಚಿಕ್ಕಮ್ಮ ಎದ್ದು ನೀರು ಒಯ್ದಳು. ಆ ಮನೆಯಲ್ಲಿ ಹೆಂಡತಿಯನ್ನು ಕರೆಯುವುದಕ್ಕೂ ಮಾತು ಖರ್ಚಾಗುತ್ತಿರಲಿಲ್ಲ. ಅವಳು ಬದುಕಿದ್ದಷ್ಟು ಕಾಲವೂ ಹಾಗೇ ಇತ್ತು.

ಅವರೆಕಾಯಿ ಈಗಲೂ ಬರುತ್ತದೆ, ಸೊಗಡಿಲ್ಲ. ಅವಳು ಕತೆ ಹೇಳಿದ್ದನ್ನು ನಾನು ಮತ್ತೆ ಕೇಳಲಿಲ್ಲ. ಅಂಥ ಹಳೆಯ ಕಾದಂಬರಿ ಎಲ್ಲಾದರೂ ಸಿಕ್ಕರೆ ಈ ವಯಸ್ಸಿನಲ್ಲೂ ಕದ್ದು ಓದುತ್ತೇನೆ, ಓದಿ ನಾಚುತ್ತೇನೆ. ಅದೊಂದು ಮಾತ್ರ ಸಿಕ್ಕಿಲ್ಲ. ಒಲೆಗೆ ಹಾಕುವ ಮೊದಲು ಅವಳು ಕೊನೆಯ ಅಧ್ಯಾಯ ಓದಿದಳೇ? ಆ ಪಾದ್ರಿ ಬಾಯಿ ಬಿಟ್ಟನೇ? ನನಗೆ ಗೊತ್ತಿಲ್ಲ.