ನೆಲ ಗಟ್ಟಿಯಿದೆ ಎಂದ ಅತ್ತೆ

ಗೋಡೆಯ ಗಾರೆ ಗಟ್ಟಿಯೋ ಟೊಳ್ಳೋ ಎಂದು ನಮ್ಮ ಸೋದರತ್ತೆ ಸೌಟಿನಿಂದ ಬಡಿದು ಹೇಳುತ್ತಿದ್ದಳು. ವಯಸ್ಸು ಅರವತ್ತೆರಡು. ಬೀದಿಗೆ ಮುಖಮಾಡಿದ ಎರಡಂತಸ್ತಿನ ಕಟ್ಟಡ ಅವಳದು. ಕೆಳಗೆ ಟೈಲರಣ್ಣನ ಅಂಗಡಿ, ಮೇಲೆ ಡ್ಯಾನ್ಸ್ ಟೀಚರ್ ಕ್ಲಾಸು, ಹಿಂದಿನ ಎರಡು ಕೋಣೆಯಲ್ಲಿ ಅವಳೂ ನಾನೂ.

ಬಾಡಿಗೆದಾರರ ಜಗಳವನ್ನು ಬೆಣ್ಣೆಯಿಂದ ಕೂದಲು ತೆಗೆದಂತೆ ಬಿಡಿಸುವುದರಲ್ಲಿ ಅತ್ತೆಯನ್ನು ಬಿಟ್ಟರಿಲ್ಲ. ಅವಳದು ಒಂದೇ ನಿಯಮ. ದೂರು ಬಂದ ಹೊತ್ತಿಗೆ, ದೂರು ಬಂದ ಜಾಗದಲ್ಲೇ ಹೋಗಿ ನಿಲ್ಲಬೇಕು. ಸ್ವಿಚ್ಚು ಬೆಳಗ್ಗೆ ಕಿಡಿ ಹಾರಿಸುತ್ತದೆ ಎಂದರೆ ಬೆಳಗ್ಗೆ ಹಾಜರು. ನಲ್ಲಿ ಮಧ್ಯಾಹ್ನ ಗೊರಗೊರ ಎನ್ನುತ್ತದೆ ಎಂದರೆ ಊಟ ಬಿಟ್ಟು ನಲ್ಲಿಯ ಮುಂದೆ ಕುರ್ಚಿ ಹಾಕಿ ಕೂರುವಳು.

ಹೀಗಿರುವಾಗ ಒಂದು ದಿನ ಟೈಲರಣ್ಣ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ದೂರು ಕೊಟ್ಟರು. "ಅಮ್ಮ, ಸಂಜೆ ಐದಾದ್ರೆ ಸಾಕು, ಮೇಲೆ ಕುಣಿಯೋದು ಶುರು. ಛಾವಣಿಯಿಂದ ಗಾರೆ ಉದುರಿ ಬಟ್ಟೆ ಮೇಲೆಲ್ಲ ಪುಡಿ ಬೀಳತ್ತೆ. ನಾಳೆ ನನ್ನ ತಲೆ ಮೇಲೇ ಬೀಳಬಹುದು."

ಮಾರನೇ ದಿನ ಐದಕ್ಕೆ ಅತ್ತೆ ಸೌಟು ಹಿಡಿದು ಮಹಡಿ ಹತ್ತಿದಳು. ಹನ್ನೆರಡು ಹುಡುಗಿಯರು ಸಾಲಾಗಿ ನಿಂತಿದ್ದರು. ನೆಲ ಪರೀಕ್ಷಿಸಲೆಂದು ಅವರ ಜೊತೆ ಒಂದು ಸಲ ಹಾರಿ ನೋಡಿದಳು. ಸಾಲದೆನಿಸಿ ಮತ್ತೊಂದು ಸಲ ಹಾರಿದಳು. ಟೀಚರ್ ತಡೆಯಲಿಲ್ಲ. ಆಮೇಲೆ ಸೌಟನ್ನು ಕಿಟಕಿಯ ಮೇಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಇಡೀ ಒಂದು ಗಂಟೆ ಪರೀಕ್ಷೆ ನಡೆಸಿದಳು. ಆರಕ್ಕೆ ಕ್ಲಾಸು ಮುಗಿದ ಮೇಲೆ ಕೆಳಗಿಳಿದು ಅಂಗಡಿಯಲ್ಲಿ ನಿಂತು ಛಾವಣಿ ನೋಡಿದಳು. ಸದ್ದೂ ಇಲ್ಲ, ಪುಡಿಯೂ ಇಲ್ಲ.

"ನೆಲ ಗಟ್ಟಿಯಿದೆ," ಎಂದು ತೀರ್ಪು ಕೊಟ್ಟಳು.

ಪರೀಕ್ಷೆ ಒಂದೂವರೆ ತಿಂಗಳು ನಡೆಯಿತು. ಮದುವೆ, ಅತ್ತೆ-ಮಾವಂದಿರ ಆರೈಕೆ, ಕಟ್ಟಡದ ರಿಪೇರಿ ಎಂದು ಅರವತ್ತು ವರ್ಷ ಕಾಲು ಕುಣಿಸದಿದ್ದವಳು ಈಗ ಬಟ್ಟೆ ಒಣಹಾಕುವಾಗಲೂ ಗಿರಕಿ ಹೊಡೆಯುತ್ತಿದ್ದಳು. ಅವಳು ಅಷ್ಟು ಖುಷಿಯಾಗಿದ್ದನ್ನು ನಾನು ಅದುವರೆಗೂ ನೋಡಿರಲಿಲ್ಲ. ಟೈಲರಣ್ಣನ ದೂರು ನಿಜವೆಂದು ಒಪ್ಪಿಕೊಂಡರೆ ಕ್ಲಾಸು ನಿಲ್ಲಿಸಬೇಕಾಗುತ್ತದೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ಗಾದೆಯ ಹೆಂಗಸು ಕುಣಿಯಲಾರದೆ ನೆಲ ಡೊಂಕು ಅಂದಳಂತೆ. ನಮ್ಮತ್ತೆ ಕುಣಿಯುವ ಆಸೆಗೆ ಡೊಂಕು ನೆಲವನ್ನೂ ಸರಿಯಿದೆ ಅನ್ನುತ್ತಿದ್ದಳು.

ಒಂದು ಸಂಜೆ ಕುಣಿತದ ನಡುವೆ ಕೆಳಗಿನಿಂದ ದಬ್ ಎಂಬ ಸದ್ದು. ಅತ್ತೆ ಮೆಟ್ಟಿಲನ್ನು ಎರಡೆರಡಾಗಿ ಇಳಿದು ಓಡಿದಳು. ತಟ್ಟೆಯಗಲದ ಗಾರೆ ಟೈಲರಣ್ಣನ ಕುರ್ಚಿಯ ಮೇಲೆ ಒಡೆದು ಬಿದ್ದಿತ್ತು. ಅವರು ಯಾರದೋ ತೋಳಿನ ಅಳತೆ ತೆಗೆಯಲು ಆಗಷ್ಟೇ ಎದ್ದಿದ್ದರು. ಕುರ್ಚಿ ನೋಡಿ ಅತ್ತೆಯ ಮುಖ ಬಿಳಿಚಿಕೊಂಡಿತು.

"ಟೈಲರಣ್ಣ, ತಪ್ಪು ನಂದು. ಐದು ಗಂಟೆಗೆ ಇಲ್ಲಿ ಬಂದು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಮೇಲೆ ನಾನೂ ಕುಣೀತಿದ್ದೆ," ಅಂದಳು. ಸೆರಗು ಇನ್ನೂ ಸೊಂಟದಲ್ಲೇ ಇತ್ತು.

ಟೈಲರಣ್ಣ ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದಿಟ್ಟರು. "ಗೊತ್ತಮ್ಮ. ಹನ್ನೆರಡು ಕಾಲು ಒಟ್ಟಿಗೆ ಬೀಳ್ತಿದ್ವು. ಹದಿಮೂರನೇದು ಒಂದು ಕ್ಷಣ ತಡವಾಗಿ ಬೀಳೋದು. ಗಾರೆ ಇನ್ನೂ ಜಾಸ್ತಿ ಉದುರ್ತಿದ್ದಿದ್ದು ಅದಕ್ಕೇ."

ಮೆಟ್ಟಿಲ ಮೇಲೆ ನಿಂತಿದ್ದ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದರು. ಮೊದಲು ನಕ್ಕದ್ದು ಟೀಚರ್. ಆಮೇಲೆ ಅತ್ತೆ ಕಣ್ಣೀರು ಒರೆಸಿಕೊಳ್ಳುತ್ತಲೇ ಹೊಟ್ಟೆ ಹಿಡಿದು ನಗತೊಡಗಿದಳು.

"ಗೊತ್ತಿದ್ದೂ ಯಾಕೆ ಹೇಳಲಿಲ್ಲ?" ಎಂದು ನಾನು ಕೇಳಿದೆ.

"ಅಮ್ಮ ದಿನಾ ಆರು ಗಂಟೆಗೆ ಆ ನಗುಮುಖ ಹೊತ್ಕೊಂಡು ಬರ್ತಿದ್ರಲ್ಲ," ಅಂದರು ಟೈಲರಣ್ಣ. "ಹೇಳೋಕೆ ಮನಸ್ಸು ಬರಲಿಲ್ಲ."

ಮರುದಿನವೇ ಅತ್ತೆ ಕ್ಲಾಸಿಗೆ ತಾನೇ ಬೀಗ ಹಾಕಿ ಮೇಸ್ತ್ರಿಯನ್ನು ಕರೆಸಿದಳು. ಮೇಸ್ತ್ರಿ ಛಾವಣಿಯನ್ನು ಮೂಲೆಮೂಲೆಯಲ್ಲೂ ಬಡಿದು ನೋಡಿದ. "ಸ್ಲ್ಯಾಬಿಗೆ ಏನೂ ಆಗಿಲ್ಲ. ಗಾರೆ ಕೆತ್ತಿ ಹೊಸದಾಗಿ ಬಳೀಬೇಕು. ಆದ್ರೆ ಇನ್ಮೇಲೆ ಮಹಡಿ ಮೇಲೆ ಕುಣಿಯೋದು ಬೇಡ," ಅಂದ. ಅತ್ತೆ ಸೌಟು ತಿರುಗಿಸುತ್ತಾ ನಿಂತಳು. ಆಗ ಟೈಲರಣ್ಣನೇ ಬಾಯಿಬಿಟ್ಟರು. "ಮೇಲೆ ಕಿಟಕಿ ದೊಡ್ಡದು, ಸೂಜಿಗೆ ದಾರ ಪೋಣಿಸೋಕೆ ಬೆಳಕು ಚೆನ್ನಾಗಿದೆ. ನಾನೇ ಮೇಲೆ ಹೋಗ್ತೀನಿ. ಇವರು ಕೆಳಗೆ ಎಷ್ಟು ಬೇಕಾದ್ರೂ ಕುಣೀಲಿ."

ಈಗ ಕ್ಲಾಸು ಕೆಳಗೆ, ಹೊಲಿಗೆ ಮಷಿನ್ನು ಮೇಲೆ. ಅತ್ತೆಯ ಕಾಲು ಇವತ್ತಿಗೂ ತಡವಾಗಿಯೇ ಬೀಳುತ್ತದೆ. ತಪ್ಪಿದಾಗೆಲ್ಲ ಟೈಲರಣ್ಣ ಕತ್ತರಿಯ ಹಿಡಿಯಿಂದ ನೆಲಕ್ಕೆ ಬಡಿದು ತಾಳ ಹಾಕಿಕೊಡುತ್ತಾರೆ. ನಿನ್ನೆ ಅತ್ತೆ ಕುಣಿಯುತ್ತಲೇ ಛಾವಣಿಯತ್ತ ಮುಖವೆತ್ತಿ ಕೂಗಿದಳು.

"ಟೈಲರಣ್ಣ, ನಿಮ್ಮ ಸದ್ದು ಜಾಸ್ತಿಯಾಯ್ತು. ಮನೆ ಓನರಿಗೆ ಹೇಳ್ತೀನಿ ನೋಡಿ."