ಅತ್ತೆ ಕೇಳಿದ ಒಂದು ಪ್ರಶ್ನೆ ಮತ್ತು ಮೂವತ್ತೈದು ವ್ಯಾಟಿನ ಸೋಲ್ಡರಿಂಗ್ ಐರನ್

ಮದುವೆಯಾಗಿ ಬೆಳಗಾವಿಯಿಂದ ಖಾನಾಪುರಕ್ಕೆ ಬಂದಾಗ ನನ್ನ ಸಾಮಾನುಗಳ ಜೊತೆ ಒಂದು ಹವಾಯಿಯನ್ ಗಿಟಾರ್ ಕೂಡ ಬಂತು. ಮಡಿಲಲ್ಲಿ ಅಡ್ಡ ಮಲಗಿಸಿಕೊಂಡು, ತಂತಿಗಳ ಮೇಲೆ ಉಕ್ಕಿನ ತುಂಡೊಂದನ್ನು ಜಾರಿಸುತ್ತ ನುಡಿಸುವ ಎಲೆಕ್ಟ್ರಿಕ್ ಗಿಟಾರ್ ಅದು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮ ಓಣಿಯ ನಾಲ್ಕು ಹುಡುಗಿಯರು ಒಬ್ಬರೇ ಮಾಸ್ತರರ ಹತ್ತಿರ ಕಲಿತಿದ್ದೆವು. ಅದರ ವೈರನ್ನು ರೇಡಿಯೊದ ಹಿಂಬದಿಯ ತೂತುಗಳಿಗೆ ಸಿಕ್ಕಿಸಿದರೆ ಸಾಕು, ರೇಡಿಯೊದೊಳಗಿಂದ ನನ್ನದೇ ಸ್ವರ ತೇಲಿ ಬರುತ್ತಿತ್ತು.

ನನ್ನ ಗಂಡ ಹತ್ತಿರದ ಬೀಡಿ ಎಂಬ ಊರಿನ ಶಾಲೆಯಲ್ಲಿ ಶಿಕ್ಷಕರಾಗಿದ್ದರು. ಬೆಳಿಗ್ಗೆ ಬಸ್ಸು ಹತ್ತಿದರೆ ಬರುವುದು ಸಂಜೆಗೇ. ಹಗಲೆಲ್ಲ ಮನೆಯಲ್ಲಿ ನಾನು ಮತ್ತು ಅತ್ತೆ. ಅವರದು ಮಾತು ಕಡಿಮೆ. ಮಧ್ಯಾಹ್ನ ನಾನು ನುಡಿಸುವಾಗ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತ ಕೂತಿರುತ್ತಿದ್ದರು. ಚೆನ್ನಾಗಿದೆ ಎಂದು ಒಂದು ದಿನವೂ ಅಂದಿರಲಿಲ್ಲ. ಬೇಡ ಎಂದೂ ಅಂದಿರಲಿಲ್ಲ.

ಆ ವರ್ಷ ಮೊದಲ ಮಳೆ ಹಿಡಿದ ವಾರ ಗಿಟಾರ್ ಕೆಟ್ಟಿತು. ಸ್ವರದ ಬದಲು ಜೇನುಗೂಡಿಗೆ ಕಿವಿ ಇಟ್ಟಂತೆ ಗುಂಯ್ ಎನ್ನುವ ಸದ್ದು. ಅದನ್ನು ಗೋಡೆಗೆ ಒರಗಿಸಿಬಿಟ್ಟೆ. ಎಂಟು ದಿನ ಕಳೆದ ಮೇಲೆ ಅತ್ತೆ ಬಾಗಿಲಲ್ಲಿ ಬಂದು ನಿಂತರು.

"ಯಾಕವ್ವಾ, ಬಾರಸೂದು ಬಿಟ್ಟೀ?"

ಕೆಟ್ಟಿದೆ ಎಂದೆ. ತೋರಿಸು ಎಂದರು. ತಗಡಿನ ಮುಚ್ಚಳದ ತಿರುಪು ಬಿಚ್ಚಿ ತೋರಿಸಿದೆ. ಸದ್ದು ಏರಿಸುವ ಗುಂಡಿಯ ಬೆನ್ನಿಗೆ ಅಂಟಿಕೊಂಡಿರಬೇಕಾದ ಒಂದು ವೈರು ಕಿತ್ತು ಬಂದು ಗಾಳಿಯಲ್ಲಿ ನಿಂತಿತ್ತು. ಅತ್ತೆ ಅದನ್ನು ನೋಡಿ, ಇಷ್ಟೇನಾ ಎಂಬಂತೆ ನನ್ನ ಮುಖ ನೋಡಿದರು.

ಮರುದಿನ ಅವರೇ ಗಿಟಾರನ್ನು ಹಳೆಯ ಸೀರೆಯಲ್ಲಿ ಸುತ್ತಿಸಿ, ಪೇಟೆಯಲ್ಲಿ ಕೊಡ, ಡಬ್ಬಿಗಳಿಗೆ ಬೆಸುಗೆ ಹಾಕುವ ಮುದುಕನ ಹತ್ತಿರ ನನ್ನನ್ನು ಕರೆದೊಯ್ದರು. ಅವನ ಮುಂದೆ ಇದ್ದಿಲ ಒಲೆ, ಅದರಲ್ಲಿ ತಾಮ್ರದ ತಲೆಯ ದಪ್ಪ ಸಲಾಕೆ. ಅವನು ಗಿಟಾರಿನ ಹೊಟ್ಟೆಯೊಳಗೆ ಬಹಳ ಹೊತ್ತು ಬಗ್ಗಿ ನೋಡಿದ.

"ನನ್ನ ಕಾವು ಇದು ತಡ್ಯಾಂಗಿಲ್ರಿ ಅಕ್ಕಾರ. ಒಳಗಿಂದೆಲ್ಲಾ ಸುಟ್ಟು ಹೋಗ್ತೈತಿ" ಎಂದು ಹಾಗೇ ಮರಳಿ ಸುತ್ತಿ ಕೊಟ್ಟ. ಬೆಸುಗೆ ಹಾಕುವ ಸಣ್ಣದೊಂದು ಕರೆಂಟಿನ ಐರನ್ ತಂದುಕೊಳ್ಳಿ, ಆದರೆ ಮುಟ್ಟಿದ ಕೂಡಲೇ ಕೆಲಸ ಮುಗಿಸಿ ಬಿಡುವಂಥದ್ದಿರಲಿ, ಕಾವು ಸಾಲದೆ ಬಹಳ ಹೊತ್ತು ಒತ್ತಿ ಹಿಡಿಯಬೇಕಾದ ಐರನ್ನೇ ಹೆಚ್ಚು ಹಾಳು ಮಾಡುತ್ತದೆ ಎಂದೂ ಹೇಳಿದ.

ಬೆಳಗಾವಿಯ ರೇಡಿಯೊ ಅಂಗಡಿಗೆ ಕೊಟ್ಟು ಬರೋಣ ಎಂದರು ನನ್ನ ಗಂಡ. ನಾನೇ ಮಾಡುತ್ತೇನೆ ಎಂದೆ. ಗಿಟಾರ್ ಮಾಸ್ತರರು ರಿಪೇರಿ ಮಾಡುವಾಗ ಎಷ್ಟೋ ಸಲ ವೈರು ಹಿಡಿದುಕೊಂಡು ನಿಂತಿದ್ದೆ. ಇಪ್ಪತ್ತೈದು ವ್ಯಾಟಿಗಿಂತ ಹೆಚ್ಚಿನದನ್ನು ಗಿಟಾರಿಗೆ ಮುಟ್ಟಿಸಬಾರದು ಎಂಬುದು ಅವರ ಕಟ್ಟಪ್ಪಣೆ.

ಐರನ್ ಕೊಳ್ಳಲು ಬೆಳಗಾವಿಗೆ ಹೊರಟಾಗ ನಾನೂ ಬರುತ್ತೇನೆ ಎಂದು ಅತ್ತೆ ಹೊರಟರು. ಬೆಳಗಿನ ರೈಲಿನ ಕಿಟಕಿಯಾಚೆ ಭತ್ತದ ಗದ್ದೆಗಳಲ್ಲಿ ನೀರು ನಿಂತು, ಆಕಾಶವೇ ಕೆಳಗೆ ಹಾಸಿಕೊಂಡಂತಿತ್ತು. ಮಂಜಿನಲ್ಲಿ ಮರಗಳು ಒಂದೊಂದಾಗಿ ಹತ್ತಿರ ಬಂದು, ನಮ್ಮನ್ನು ನೋಡಿ, ಹಿಂದೆ ಸರಿದು ಹೋಗುತ್ತಿದ್ದವು. ಅತ್ತೆಯ ಕಣ್ಣು ಮುಚ್ಚಿತ್ತು. ನಿದ್ದೆ ಎಂದುಕೊಂಡೆ. ಆದರೆ ತುಟಿಗಳು ಅಲುಗುತ್ತಿದ್ದವು.

ಬೆಳಗಾವಿಯ ಖಡೇಬಜಾರಿನ ಅಂಗಡಿಯವರು ಐರನ್ ಯಾರಿಗೆ ಬೇಕು ಎಂದು ಕೇಳಿದಾಗ ಅತ್ತೆ ನನ್ನ ಕಡೆ ಕೈ ತೋರಿಸಿದರು. ಗಿಟಾರಿನ ಗುಂಡಿಯ ವೈರು ಕಿತ್ತದ್ದನ್ನು ನಾನು ಹೇಳಿದೆ. ಅಂಗಡಿಯವರು ಇಪ್ಪತ್ತೈದು ವ್ಯಾಟಿನದೊಂದು, ಅರವತ್ತೈದರದೊಂದು ತೆಗೆದು ಮುಂದಿಟ್ಟರು. ದೊಡ್ಡದರ ಭಾರಕ್ಕೆ ನನ್ನ ಮಣಿಕಟ್ಟು ಬಾಗಿತು. ಚಿಕ್ಕದು ಪೆನ್ನಿನಂತೆ ಬೆರಳುಗಳ ನಡುವೆ ಕೂತಿತು. ಅವರು ಅದನ್ನು ಪ್ಲಗ್ಗಿಗೆ ಹಾಕಿ ಕಾಯಿಸಿಕೊಟ್ಟರು. ಚೂರು ವೈರಿಗೆ ಮುಟ್ಟಿಸಿದೆ. ಬೆಸುಗೆಯ ತಂತಿ ಬೆಳ್ಳಿಯ ಹನಿಯಾಗಿ ಹರಿಯಿತು, ರಾಳದ ಹೊಗೆ ಮೂಗಿಗೆ ಬಂತು. ಇದೇ ಸಾಕು ಎಂದೆ.

ಆಗ ಅತ್ತೆ ಬಾಯಿ ತೆರೆದರು. "ನಮ್ಮೂರಾಗ ದೀಪ ಇಷ್ಟ ಬೆಳಕ ಇರೂದಿಲ್ರಿ. ಹಣ್ಣಾಗಿ ಕೆಂಪಗ ಉರೀತೈತಿ. ಅಲ್ಲೂ ಇದು ಹಿಂಗ ಕಾಯ್ತೈತೇನ್ರಿ?"

ಅಂಗಡಿಯವರು ಅತ್ತೆಯನ್ನು ನೋಡಿದರು, ಆಮೇಲೆ ನನ್ನನ್ನು. "ಖರೇ ಹೇಳಿದ್ರಿ ಅವ್ವಾರ" ಎಂದು ಒಳಗೆ ಹೋಗಿ ಮೂವತ್ತೈದರದೊಂದು ತಂದರು. ಅಲ್ಲಿಯ ಕರೆಂಟಿಗೆ ಚಿಕ್ಕದು ಅರೆಬರೆ ಕಾಯುತ್ತದೆ, ಗುಂಡಿಯ ಬೆನ್ನಿನ ತಗಡು ಇದ್ದ ಕಾವನ್ನೂ ಕುಡಿದುಬಿಡುತ್ತದೆ, ನೀವು ಒತ್ತಿ ಹಿಡಿದಷ್ಟೂ ಒಳಗೆ ಸುಡುತ್ತದೆ ಎಂದು ವಿವರಿಸಿದರು. ಖಾನಾಪುರದ ಮುದುಕ ಹೇಳಿದ್ದೂ ಅದನ್ನೇ. ಮಾಸ್ತರರ ಮಾತು ಮೀರುವುದಕ್ಕೆ ಅಳುಕುತ್ತಲೇ ಮೂವತ್ತೈದರದನ್ನು ಆರಿಸಿದೆ.

ಮರುದಿನ ಬೆಳಿಗ್ಗೆ ಜಗಲಿಯ ಬಾಗಿಲು ತೆರೆದು ಬೆಳಕಿಗೆ ಕೂತೆವು. ಅತ್ತೆ ಇಕ್ಕಳದಲ್ಲಿ ವೈರನ್ನು ಹಿಡಿದರು. ನಾನು ಕಾದ ಐರನ್ನನ್ನು ಮುಟ್ಟಿಸಿದೆ. ಮೊದಲ ಬೆಸುಗೆ ಬೂದಿಬಣ್ಣದ ಗಂಟಾಗಿ ಕೂತು, ಎಳೆದರೆ ಕಿತ್ತು ಬಂತು. ತಗಡನ್ನು ಚಾಕುವಿನಿಂದ ಕೆರೆದು ಹೊಳಪು ಬರಿಸಿ ಇನ್ನೊಮ್ಮೆ ಮುಟ್ಟಿಸಿದೆ. ಈ ಸಲ ಹನಿ ಹರಡಿ ಮಿನುಗಿತು. ಕೂಡಲೇ ಕೈ ತೆಗೆದೆ. ಅದು ಆರುವವರೆಗೆ ಅತ್ತೆ ಇಕ್ಕಳ ಸಡಿಲಿಸಲಿಲ್ಲ.

ರೇಡಿಯೊ ಕಾದು ಅದರ ಹಸಿರು ದೀಪ ಕಣ್ಣು ತೆರೆಯಿತು. ಗುಂಯ್ ಎನ್ನುವುದು ಇರಲಿಲ್ಲ. ತಂತಿ ಮೀಟಿ ಉಕ್ಕಿನ ತುಂಡನ್ನು ಮೇಲಕ್ಕೆ ಜಾರಿಸಿದೆ. ಸ್ವರ ಏರಿ, ನಿಂತು, ಹೊರಗಿನ ಮಳೆಯಲ್ಲಿ ಕರಗಿತು.

ಅತ್ತೆ ಅಡುಗೆಮನೆಗೆ ಹೋಗಲಿಲ್ಲ. ನನ್ನ ಎದುರಿಗೇ ಕೂತು ಒಂದು ವಚನ ಹೇಳತೊಡಗಿದರು, ಒಂದೊಂದೇ ಸಾಲು, ನಾನು ತಂತಿಯ ಮೇಲೆ ಆ ದನಿಯನ್ನು ಹುಡುಕಿಕೊಳ್ಳುವವರೆಗೆ ಕಾಯುತ್ತ. ಅವರು ಹಾಡುತ್ತಾರೆಂಬುದೇ ನನಗೆ ಗೊತ್ತಿರಲಿಲ್ಲ. ನಾನು ತಪ್ಪಿದಾಗ ತಲೆಯಾಡಿಸಿ ಮತ್ತೆ ಮೊದಲಿನಿಂದ ಹೇಳುತ್ತಿದ್ದರು. ಒಲೆಯ ಮೇಲೆ ಅನ್ನ ತಳ ಹಿಡಿದ ವಾಸನೆ ಇಬ್ಬರಿಗೂ ಬಂದಿತ್ತು. ಇಬ್ಬರೂ ಏಳಲಿಲ್ಲ.