ಮತ್ತೆ ಓದಲು ಕಲಿತ ಮೂರು ತಿಂಗಳು

ನಮ್ಮ ಊರಿನ ಪಂಚಾಯತ್ ಗ್ರಂಥಾಲಯದಲ್ಲಿ ನಾನು ಮೇಲ್ವಿಚಾರಕಿ. ಗ್ರಂಥಾಲಯವೆಂದರೆ ಒಂದು ಕೋಣೆ, ಎರಡು ಉದ್ದದ ಮೇಜು, ಆರು ಕಪಾಟು, ಒಂದು ಕಂಪ್ಯೂಟರ್. ಜಾಲ್ಸೂರಿನ ಜಂಕ್ಷನ್ನಿನಿಂದ ನಡೆದರೆ ಹದಿನೈದು ನಿಮಿಷ. ಬೆಳಿಗ್ಗೆ ಬಾಗಿಲು ತೆಗೆದು, ಗುಡಿಸಿ, ಬಂದ ಪೇಪರುಗಳನ್ನು ಮೇಜಿನ ಮೇಲೆ ಹರಡಿ, ಪುಸ್ತಕ ಕೇಳಿದವರಿಗೆ ಪುಸ್ತಕ ಕೊಡುವುದು ನನ್ನ ಕೆಲಸ. ಮದುವೆಯಾಗಿ ಈ ಊರಿಗೆ ಬಂದ ಮರುವರ್ಷ ಸೇರಿದವಳು, ಎರಡು ದಶಕ ಅದೇ ಕುರ್ಚಿಯಲ್ಲಿ ಕೂತಿದ್ದೇನೆ.

ಕಣ್ಣು ಹೋಗಲು ಶುರುವಾದದ್ದು ಬದಿಗಳಿಂದ. ಎದುರಿಗೆ ಇದ್ದದ್ದು ಕಾಣುತ್ತಿತ್ತು, ಪಕ್ಕದಲ್ಲಿ ನಿಂತವರು ಕಾಣುತ್ತಿರಲಿಲ್ಲ. ಪೈಪಿನ ಒಳಗಿಂದ ನೋಡಿದ ಹಾಗೆ. ಆ ಪೈಪು ವರ್ಷ ವರ್ಷ ಸಣ್ಣದಾಗುತ್ತಾ ಬಂತು, ಕೊನೆಗೆ ಅಕ್ಷರವೂ ಕಾಣದಾಯಿತು. ಮಂಗಳೂರಿನ ಡಾಕ್ಟರು ಎರಡು ಗಂಟೆ ಪರೀಕ್ಷೆ ಮಾಡಿ, ಇದು ಕಣ್ಣಿನ ಹಿಂದಿನ ಪರದೆಯ ಕಾಯಿಲೆ, ಸದ್ಯಕ್ಕೆ ಇದಕ್ಕೆ ಮದ್ದಿಲ್ಲ ಎಂದರು. ಬರುವಾಗ ಬಸ್ಸಿನಲ್ಲಿ ಪಕ್ಕದಲ್ಲಿ ನನ್ನ ಗಂಡ. ಅವರದ್ದು ಸುಳ್ಯದಲ್ಲಿ ಟಯರ್ ರಿಪೇರಿ ಅಂಗಡಿ. ಯಾವುದು ಹಾಳಾದರೂ ಸರಿಮಾಡುವ ಮನುಷ್ಯ, ಅವತ್ತು ಕೈಕಟ್ಟಿ ಕೂತಿದ್ದರು.

ಎರಡು ವರ್ಷ ನಾನು ಮನೆಯ ಹೊರಗೆ ಯಾರಿಗೂ ಹೇಳಲಿಲ್ಲ. ಯಾವ ಪುಸ್ತಕ ಯಾವ ಕಪಾಟಿನಲ್ಲಿ ಎಂದು ಬಾಯಿಪಾಠವಿತ್ತು. ದಪ್ಪ ಮುಟ್ಟಿ, ರಟ್ಟಿನ ಮೂಲೆ ಸವರಿ ಪುಸ್ತಕದ ಗುರುತು ಹಿಡಿಯುತ್ತಿದ್ದೆ. ರಿಜಿಸ್ಟರನ್ನು ಪುಸ್ತಕ ಒಯ್ಯುವವರ ಕೈಯಲ್ಲೇ ಬರೆಸುತ್ತಿದ್ದೆ. ಯಾರಾದರೂ ಕಾಗದ ಓದಿ ಹೇಳಿ ಎಂದರೆ "ಕನ್ನಡಕ ತಂದಿಲ್ಲ" ಎನ್ನುತ್ತಿದ್ದೆ. ದಾರಿಯಲ್ಲಿ ನಡೆಯುವಾಗ ಎದುರು ಬಂದವರು ಯಾರೆಂದು ತಿಳಿಯದೆ, ಮಾತಾಡಿಸಿದರೆ ಎಲ್ಲಿ ತಪ್ಪಾಗುವುದೋ ಎಂದು ನೆಲ ನೋಡಿಕೊಂಡು ಹೋಗುತ್ತಿದ್ದೆ. ಮನೆಗೆ ಬಂದು ಮುಟ್ಟುವಾಗ ಬೆನ್ನೆಲ್ಲ ಬೆವರು.

ಸಿಕ್ಕಿಬಿದ್ದದ್ದು ಪಂಚಾಯತಿಗೆ ಹೊಸ ಅಧಿಕಾರಿ, ಪಿಡಿಒ, ಬಂದ ಮೇಲೆ. ವಿಜಯಪುರದ ಕಡೆಯ ಹುಡುಗಿ, ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಒಂದು ದಿನ ಗ್ರಂಥಾಲಯಕ್ಕೆ ಬಂದು, ಈ ತಿಂಗಳು ಮಕ್ಕಳು ಯಾವ ಪುಸ್ತಕ ಒಯ್ದಿದ್ದಾರೆ ಓದಿ ಹೇಳಿ ಎಂದರು. ನಾನು ರಿಜಿಸ್ಟರ್ ತೆರೆದು, ನೆನಪಿದ್ದದ್ದನ್ನು ಒಂದೊಂದಾಗಿ ಓದುವವಳ ಹಾಗೆ ಹೇಳಿದೆ. ಬೆರಳು ಸಾಲಿನ ಮೇಲೆ ಓಡಿಸುತ್ತಲೂ ಇದ್ದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ, "ಮೇಡಂ, ನೀವು ಹಿಡಿದಿದ್ದು ಹೋದ ವರ್ಷದ ರಿಜಿಸ್ಟರ್ ಐತ್ರಿ" ಎಂದರು.

ನನಗೆ ಅಳು ಬಂತು. ಎಲ್ಲವನ್ನೂ ಹೇಳಿದೆ. ನಾಳೆಯೇ ರಾಜೀನಾಮೆ ಬರೆದು ಕೊಡುತ್ತೇನೆ, ಬರೆಯಲಿಕ್ಕೂ ಇನ್ನೊಬ್ಬರು ಬೇಕು ಎಂದೆ.

"ಈಗ ಬ್ಯಾಡ್ರಿ" ಎಂದರು ಅವರು. "ನಮ್ಮ ಕಾಕಾನ ಮಗಳಿಗೆ ಹುಟ್ಟಿದಾಗಿಂದ ಕಣ್ಣು ಕಾಣಂಗಿಲ್ಲ. ಬ್ಯಾಂಕಿನ್ಯಾಗ ಕೆಲಸ ಮಾಡ್ತಾಳ. ನೀವು ಮೂರು ತಿಂಗಳು ರಜಾ ಹಾಕಿ ಕಲ್ತು ಬರ್ರಿ. ಆಮ್ಯಾಲೂ ಬ್ಯಾಡ ಅನ್ನಿಸಿದ್ರ ಆವಾಗ ಕೊಡ್ರಿ ರಾಜೀನಾಮೆ."

ಪುತ್ತೂರಿನಲ್ಲಿ ಕಣ್ಣು ಕಾಣದವರಿಗೆ ಕಲಿಸುವವರೊಬ್ಬರನ್ನು ಅವರೇ ವಿಚಾರಿಸಿ ಹುಡುಕಿದರು. ಮುಂದಿನ ವಾರ ಗಂಡನ ಕೈ ಹಿಡಿದುಕೊಂಡು ಹೋದೆ. ಒಂದು ಹಳೆಯ ಕಟ್ಟಡದ ಮಾಳಿಗೆ, ಕೆಳಗೆ ಬೇಕರಿ. ಮೆಟ್ಟಿಲು ಹತ್ತುವಾಗ ಬಿಸಿ ಬನ್ನಿನ ಪರಿಮಳ. ಮಾಷ್ಟ್ರು ಎಂದರೆ ಮೂವತ್ತು ದಾಟದ ಯುವಕ, ಕಡಬದ ಕಡೆಯವರು. ಅವರಿಗೂ ಕಣ್ಣು ಕಾಣುವುದಿಲ್ಲ ಎಂದು ನನಗೆ ತಿಳಿದದ್ದು ಅವರು ನನ್ನ ಕೈಗೆ ಚಾ ಕೊಟ್ಟ ಮೇಲೆ. ಲೋಟ ತುಂಬಿತ್ತು, ಒಂದು ಹನಿ ಚೆಲ್ಲಿರಲಿಲ್ಲ.

"ಅಕ್ಕ, ನಿಮ್ಮ ಮೊಬೈಲ್ ಕೊಡಿ" ಎಂದರು. ಏನೋ ಒತ್ತಿದರು. ಮೊಬೈಲು ಮಾತಾಡಲು ಶುರು ಮಾಡಿತು. ಬೆರಳು ಎಲ್ಲಿಟ್ಟರೆ ಅಲ್ಲಿರುವುದನ್ನು ಹೇಳುತ್ತದೆ, ಅದು ಬೇಕಾದರೆ ಎರಡು ಸಲ ತಟ್ಟಬೇಕು. ಕೇಳಲಿಕ್ಕೆ ಸುಲಭ. ಮೊದಲ ದಿನ ನಾನು ಗಂಡನಿಗೆ ಕರೆ ಮಾಡಲು ಹೋಗಿ ನಾದಿನಿಗೂ, ಗ್ಯಾಸಿನವರಿಗೂ, ಯಾರೆಂದೇ ಗೊತ್ತಿಲ್ಲದ ಒಬ್ಬರಿಗೂ ಕರೆ ಮಾಡಿದೆ. ಮಾಷ್ಟ್ರು ತಮ್ಮ ಮೊಬೈಲನ್ನು ಕೇಳಿಸಿದರು. ಅದು ಎಷ್ಟು ವೇಗವಾಗಿ ಮಾತಾಡುತ್ತಿತ್ತೆಂದರೆ ನನಗೆ ಮಿಕ್ಸಿಯಲ್ಲಿ ಮೆಣಸು ಹುಡಿ ಮಾಡಿದ ಹಾಗೆ ಕೇಳಿತು.

"ಇದರಲ್ಲಿ ನಿಮಗೆ ಎಂತ ಅರ್ಥ ಆಗುದು ಮಾರಾಯ್ರೆ?"

"ಎಲ್ಲ ಆಗ್ತದೆ. ನಿಮಗೂ ಆಗ್ತದೆ. ಬೆರಳು ಹೆದರುದು ಬಿಟ್ರೆ ಸಾಕು."

ಮೂರನೆಯ ವಾರದ ಒಂದು ದಿನ, ನನ್ನ ಚೀಲದಲ್ಲಿ ಎಂತದೋ ದಪ್ಪನೆಯದು ಕೈಗೆ ತಾಗಿ, ಅದೇನೆಂದು ಅವರು ಕೇಳಿದರು. ಗ್ರಂಥಾಲಯದ ಪುಸ್ತಕ. ಓದಲಾಗದಿದ್ದರೂ ಚೀಲದಲ್ಲಿ ಒಂದು ಪುಸ್ತಕ ಇಟ್ಟುಕೊಳ್ಳುವ ಅಭ್ಯಾಸ ಬಿಟ್ಟಿರಲಿಲ್ಲ. ಅವರು ಅದನ್ನು ಮೇಜಿನ ಮೇಲೆ ತೆರೆದಿಟ್ಟು, ನನ್ನ ಮೊಣಕೈಯನ್ನು ಮೇಜಿಗೆ ಊರಿಸಿ, ಮೊಬೈಲನ್ನು ಒಂದು ಗೇಣಿಗಿಂತ ಸ್ವಲ್ಪ ಮೇಲೆ ಹಿಡಿಸಿದರು. ಕ್ಯಾಮೆರಾ ಕ್ಲಿಕ್ ಎಂದಿತು. ಎರಡು ಕ್ಷಣ ಏನೂ ಇಲ್ಲ. ಆಮೇಲೆ ಮೊಬೈಲು ಓದತೊಡಗಿತು. ಇರುವೆಗಳು ಗೂಡು ಕಟ್ಟುವುದರ ಬಗ್ಗೆ ಒಂದು ಪುಟ. ಒತ್ತಕ್ಷರ ಬಂದಲ್ಲಿ ಎಡವುತ್ತಿತ್ತು, ಪುಟದ ಸಂಖ್ಯೆಯನ್ನು ವಾಕ್ಯದ ನಡುವೆ ಸೇರಿಸಿತು. ಆದರೆ ಅದು ನನ್ನ ಪುಸ್ತಕ, ನಾನು ತೆರೆದ ಪುಟ. ಯಾರನ್ನೂ ಕೇಳಿಕೊಳ್ಳದೆ ನಾನೇ ಪುಟ ತಿರುಗಿಸಿದೆ. ಮತ್ತೊಂದು. ಇನ್ನೊಂದು. ಆ ಅಧ್ಯಾಯ ಮುಗಿಯುವವರೆಗೆ ಓದಿಸಿದೆ. ನನ್ನ ಕೆನ್ನೆ ಒದ್ದೆಯಾಗಿತ್ತು, ಒರಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಮೊಬೈಲಾದರೂ ಒಗ್ಗಿತು, ದಾರಿ ತಡವಲು ಮಾಷ್ಟ್ರು ಕೊಟ್ಟ ಮಡಚುವ ಬಿಳಿ ಕೋಲು ಒಗ್ಗಲಿಲ್ಲ. ಪುತ್ತೂರಿನಲ್ಲಿ ನನ್ನನ್ನು ಯಾರೂ ಬಲ್ಲವರಿಲ್ಲ, ಅಲ್ಲಿ ಕೋಲು ಬಿಡಿಸಿ ನಡೆಯುತ್ತಿದ್ದೆ. ಬಸ್ಸು ಹತ್ತಿದ ಕೂಡಲೇ ಮಡಚಿ ಚೀಲದೊಳಗೆ. ನಮ್ಮ ಜಂಕ್ಷನ್ನಿನಲ್ಲಿ ಅದನ್ನು ಹಿಡಿದು ಇಳಿಯುವುದೆಂದರೆ ಜೀವ ಹೋದ ಹಾಗೆ. ಹೀಗಿರುವಾಗ ಒಂದು ದಿನ ಗಂಡನಿಗೆ ಅಂಗಡಿ ಬಿಟ್ಟು ಬರಲು ಆಗಲಿಲ್ಲ. "ನಾನೇ ಹೋಗ್ತೇನೆ" ಎಂದೆ. ಅವರು ಜಂಕ್ಷನ್ನಿನವರೆಗೆ ಬಿಟ್ಟು, ಹೋಗಲೋ ಬೇಡವೋ ಎಂದು ಸ್ವಲ್ಪ ಹೊತ್ತು ನಿಂತು, ಹೋದರು.

ಜಾಲ್ಸೂರಿನಲ್ಲಿ ಪುತ್ತೂರಿನ ಬಸ್ಸೂ ಕೇರಳದ ಗಡಿ ದಾಟಿ ಹೋಗುವ ಕಾಸರಗೋಡಿನ ಬಸ್ಸೂ ಬರುತ್ತವೆ. ಬಸ್ಸೊಂದು ಬಂದು ನಿಂತ ಶಬ್ದವಾಯಿತು. ಕೋಲು ಚೀಲದಲ್ಲಿತ್ತು. ಇದು ಎಲ್ಲಿಗೆ ಹೋಗುವ ಬಸ್ಸು ಎಂದು ಕೇಳಿದರೆ ಬೋರ್ಡು ಓದಲಿಕ್ಕಾಗುವುದಿಲ್ಲ ಎಂದು ಎಲ್ಲರಿಗೂ ಗೊತ್ತಾಗುತ್ತದಲ್ಲ ಎಂದು ಕೇಳದೆ ಹತ್ತಿದೆ. ಸ್ವಲ್ಪ ದೂರ ಹೋದ ಮೇಲೆ ಕಂಡಕ್ಟರು ಹತ್ತಿರ ಬಂದು ಮಲಯಾಳದಲ್ಲಿ ಎಲ್ಲಿಗೆ ಎಂದು ಕೇಳಿದರು. ಪುತ್ತೂರಿಗೆ ಎಂದೆ, ಇದು ಕಾಸರಗೋಡಿಗೆ ಹೋಗುವುದು ಎಂದರು. ಗಡಿ ದಾಟಿದ ಮೇಲಿನ ಮೊದಲ ಸ್ಟಾಪಿನಲ್ಲಿ ಇಳಿಸಿದರು.

ಬಸ್ಸು ಹೋಯಿತು. ಎಲ್ಲಿದ್ದೇನೆ, ರಸ್ತೆ ಯಾವ ಕಡೆ ಎಂದು ತಿಳಿಯಲಿಲ್ಲ. ಗಂಡನಿಗೆ ಕರೆ ಮಾಡಲು ಮೊಬೈಲು ತೆಗೆದೆ. ಮಾಡಿದ್ದರೆ ಅರ್ಧ ಗಂಟೆಯಲ್ಲಿ ಸ್ಕೂಟರಿನಲ್ಲಿ ಬರುತ್ತಿದ್ದರು. ಆಮೇಲೆ ಒಬ್ಬಳನ್ನೇ ಕಳಿಸುತ್ತಲೂ ಇರಲಿಲ್ಲ. ಅದನ್ನು ಯೋಚಿಸಿ ಕರೆ ಮಾಡಲಿಲ್ಲ. ಚೀಲಕ್ಕೆ ಕೈ ಹಾಕಿ ಕೋಲು ತೆಗೆದು ಬಿಡಿಸಿದೆ. ಮೊಬೈಲನ್ನು ಕೇಳಿದಾಗ ಸ್ಟಾಪಿನ ಹೆಸರು ಹೇಳಿತು, ಜಾಲ್ಸೂರು ಯಾವ ದಿಕ್ಕಿಗೆ ಎಂದೂ ಹೇಳಿತು. ಗಾಡಿಗಳ ಶಬ್ದ ನಿಲ್ಲುವವರೆಗೆ ಕಾದು, ಕೋಲು ಮುಂದೆ ಚಾಚಿ ರಸ್ತೆ ದಾಟಿದೆ. ಮುಂದಿನ ಬಸ್ಸು ಬಂದಾಗ ಗಟ್ಟಿಯಾಗಿ ಕೇಳಿದೆ: "ಜಾಲ್ಸೂರಿಗೆ ಹೋಗ್ತದಾ? ನನಗೆ ಕಣ್ಣು ಕಾಣುದಿಲ್ಲ." ಆ ಮಾತನ್ನು ಗುರುತಿಲ್ಲದವರ ಎದುರು ನಾನು ಹೇಳಿದ್ದು ಅದೇ ಮೊದಲು. ಒಬ್ಬಾಕೆ ಎದ್ದು ಸೀಟು ಕೊಟ್ಟರು.

ಪುತ್ತೂರು ಮುಟ್ಟುವಾಗ ಎರಡು ಗಂಟೆ ತಡ. ನಡೆದದ್ದನ್ನೆಲ್ಲ ಕೇಳಿ ಮಾಷ್ಟ್ರು ನಕ್ಕರು. "ಇವತ್ತಿನ ಪಾಠ ಆಯ್ತಲ್ಲ ಅಕ್ಕ. ಕೆಳಗೆ ಹೋಗಿ ಬನ್ ತಿಂದು ಮನೆಗೆ ಹೋಗಿ."

ಅವತ್ತು ಸಂಜೆ ಜಾಲ್ಸೂರಿನಲ್ಲಿ ಕೋಲು ಹಿಡಿದೇ ಇಳಿದೆ. ಆಟೋ ಸ್ಟ್ಯಾಂಡಿನಿಂದ ಒಬ್ಬರು ಹತ್ತಿರ ಬಂದರು.

"ಅಕ್ಕ, ಎಂತ ಇದು?"

"ಕಣ್ಣು ಕಾಣುದಿಲ್ಲ. ಅದಕ್ಕೆ ಕೋಲು."

"ಅಯ್ಯೋ! ನಮಗೆ ಗೊತ್ತೇ ಇಲ್ಲ ಮಾರಾಯ್ರೆ. ನಿಮ್ಮನ್ನು ನೋಡಿ ನಗಾಡಿದ್ರೂ ನೀವು ನಗಾಡುದಿಲ್ಲ. ಭಾರೀ ಜಂಬ ಅಂತ ಗ್ರಹಿಸಿದ್ದೆವು."

ನಾನು ಜೋರಾಗಿ ನಕ್ಕೆ. ಎರಡು ವರ್ಷ ಕಷ್ಟಪಟ್ಟು ಮುಚ್ಚಿಟ್ಟು ನಾನು ಗಳಿಸಿದ್ದು ಜಂಬಗಾತಿ ಎಂಬ ಹೆಸರು! ಅಂದಿನಿಂದ ಆ ದಾರಿಯಲ್ಲಿ ಹೋಗುವವರೆಲ್ಲ ತಮ್ಮ ಹೆಸರು ಹೇಳಿಯೇ ನನ್ನನ್ನು ಮಾತಾಡಿಸುತ್ತಾರೆ.

ರಜೆಯ ಕೊನೆಯ ವಾರಗಳಲ್ಲಿ ಗ್ರಂಥಾಲಯವನ್ನು ಸಿದ್ಧ ಮಾಡಿದೆ. ಪುಸ್ತಕಗಳಿಗೆಲ್ಲ ಸಣ್ಣ ಚೌಕದ ಕ್ಯೂಆರ್ ಚೀಟಿ ಅಂಟಿಸಿದೆವು. ಮೊಬೈಲು ತೋರಿಸಿದರೆ ಅದು ಪುಸ್ತಕದ ಹೆಸರು ಹೇಳಬೇಕು. ಭಾನುವಾರಗಳಲ್ಲಿ ಗಂಡ ಹೆಸರು ಓದುವುದು, ನಾನು ನನ್ನ ದನಿಯಲ್ಲಿ ದಾಖಲಿಸುವುದು. ಮದುವೆಯಾದ ಮೇಲೆ ಅವರು ಇಷ್ಟು ಪುಸ್ತಕ ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಕಪಾಟಿನ ಹಲಗೆಗಳಿಗೂ ಗುರುತು ಬೇಕಿತ್ತು, ಮಕ್ಕಳ ಪುಸ್ತಕದ ಹಲಗೆಗೆ ಅಂಗಿಯ ಗುಂಡಿ, ಕಾದಂಬರಿಗೆ ಹುಣಸೆಬೀಜ, ಕೃಷಿಗೆ ಹಗ್ಗದ ತುಂಡು ಅಂಟಿಸಿದೆ. ರಿಜಿಸ್ಟರ್ ಕಂಪ್ಯೂಟರಿಗೆ ಹೋಯಿತು. ಮದುವೆಗೆ ಮೊದಲು ಸುಳ್ಯದಲ್ಲಿ ಕನ್ನಡ ಟೈಪಿಂಗ್ ಪರೀಕ್ಷೆ ಕಟ್ಟಿದ್ದೆ, ಕೀಲಿ ನೋಡದೆ ಹೊಡೆಯುವುದನ್ನು ಬೆರಳು ಮರೆತಿರಲಿಲ್ಲ. ನಾನು ಹೊಡೆದದ್ದನ್ನು ಕಂಪ್ಯೂಟರು ಕೂಡಲೇ ಓದಿ ಹೇಳುತ್ತಿತ್ತು.

ನಾನು ಬಾಗಿಲು ತೆಗೆದ ಮೊದಲ ದಿನ ಪಿಡಿಒ ಬಂದರು, ಜೊತೆಗೆ ಪಂಚಾಯತಿನ ಸದಸ್ಯರೊಬ್ಬರು. ಅಡಿಕೆ ತೋಟದ ಯಜಮಾನರು, ನೇರ ಮಾತಿನವರು.

"ಅಕ್ಕ, ಬೇಜಾರ ಮಾಡ್ಬೇಡಿ. ಕಣ್ಣು ಕಾಣದವರು ಲೈಬ್ರೆರಿ ನಡೆಸುದು ಹೇಗೆ?"

"ನಿಮಗೆ ಎಂತ ಪುಸ್ತಕ ಬೇಕು ಹೇಳಿ."

ಅವರು ಸ್ವಲ್ಪ ಯೋಚಿಸಿ, "ಜೇನು ಸಾಕುದರ ಬಗ್ಗೆ ಎಂತಾದ್ರೂ ಉಂಟಾ?" ಎಂದರು.

ಹಗ್ಗದ ತುಂಡಿರುವ ಹಲಗೆಯ ಹತ್ತಿರ ಹೋಗಿ ಮೊಬೈಲು ಹಿಡಿದೆ. ನನ್ನದೇ ದನಿ ಒಂದೊಂದೇ ಹೆಸರು ಹೇಳಿತು. ಐದನೆಯದು ಜೇನಿನ ಪುಸ್ತಕ. ಅವರ ಕೈಗೆ ಕೊಟ್ಟೆ. ಅವರು ಪುಟ ಮಗುಚಿದ ಸದ್ದಾಯಿತು. ಆಮೇಲೆ, "ಛೆ, ಕನ್ನಡಕ ಮನೆಯಲ್ಲಿ ಉಳಿಯಿತು" ಎಂದರು.

"ಕೊಡಿ ಇಲ್ಲಿ" ಎಂದು ಮೇಜಿನ ಮೇಲೆ ಪುಸ್ತಕ ತೆರೆದು ಮೊಬೈಲು ಹಿಡಿದೆ. ರಾಣಿಹುಳು, ಹೊಸ ಗೂಡು, ಮಳೆಗಾಲದಲ್ಲಿ ಕೊಡಬೇಕಾದ ಸಕ್ಕರೆ ಪಾಕ ಎಲ್ಲವನ್ನೂ ಅದು ಓದಿತು. ಪಿಡಿಒ ಮೊದಲು ನಕ್ಕರು, ಆಮೇಲೆ ಯಜಮಾನರೇ ಗಟ್ಟಿಯಾಗಿ ನಕ್ಕರು. ಮೂರು ಪುಟ ಕೇಳಿ, ಪುಸ್ತಕ ತಮ್ಮ ಹೆಸರಿಗೆ ಬರೆಸಿಕೊಂಡೇ ಹೋದರು. ನಾನು ಅವರ ಹೆಸರು ಟೈಪ್ ಮಾಡಿದೆ, ಕಂಪ್ಯೂಟರು ಓದಿತು, ತಪ್ಪಿರಲಿಲ್ಲ. ರಾಜೀನಾಮೆಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಅವರೆಲ್ಲ ಹೋದ ಮೇಲೆ, ದಿನಾ ಮೊದಲಿಗೆ ಬರುವ ನಿವೃತ್ತ ಪೋಸ್ಟ್‌ಮ್ಯಾನ್ ನನ್ನ ಮೇಜಿನ ಹತ್ತಿರ ಬಂದರು. ಎರಡು ವರ್ಷ ನಾನು ಪೇಪರುಗಳನ್ನು ಎಷ್ಟೋ ಸಲ ತಲೆಕೆಳಗಾಗಿ ಹರಡಿದ್ದೆನಂತೆ. ಬೇರೆಯವರು ಬರುವ ಮೊದಲು ಅವರೇ ಬಂದು ಸರಿಮಾಡಿಡುತ್ತಿದ್ದರಂತೆ. "ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ. "ನೀವೇ ಹೇಳದ್ದನ್ನು ನಾನು ಹೇಗೆ ಹೇಳುದು?" ಎಂದರು. "ಇನ್ನು ಆ ಕೆಲಸ ನನಗೇ ಇರಲಿ." ಈಗ ಪೇಪರು ಹರಡುವ ಕೆಲಸ ಅವರದ್ದೇ.

ಈಗ ಶನಿವಾರ ಮಧ್ಯಾಹ್ನ ಗ್ರಂಥಾಲಯದಲ್ಲಿ ಕಣ್ಣು ಕಾಣದವರಿಗೆ ನಾನು ಮೊಬೈಲು ಕಲಿಸುತ್ತೇನೆ. ಅಜ್ಜಾವರದಿಂದ ಬರುವವರಿದ್ದಾರೆ, ಕೊಲ್ಲಮೊಗ್ರಿನಿಂದ ಎರಡು ಬಸ್ಸು ಬದಲಿಸಿ ಬರುವ ಒಬ್ಬರಿದ್ದಾರೆ. ಕಳೆದ ತಿಂಗಳು ಸೇರಿದವರು ಒಬ್ಬ ಬ್ಯಾರಿ ಮುಸ್ಲಿಂ ಹೆಂಗಸು, ಅರುವತ್ತು ದಾಟಿದವರು. ಸಕ್ಕರೆ ಕಾಯಿಲೆಯಲ್ಲಿ ಎರಡೂ ಕಣ್ಣು ಹೋಗಿವೆ. ಇಡೀ ಜೀವನ ಬೀಡಿ ಕಟ್ಟಿದವರು. ತಂಗಿ ಗಡಿಯ ಆಚೆ ಇದ್ದಾಳೆ, ಅವಳ ಹತ್ತಿರ ಮಾತಾಡಬೇಕಾದರೆ ಮನೆಯವರು ಯಾರಾದರೂ ಬಿಡುವಾಗಿ ನಂಬರ್ ಒತ್ತಿ ಕೊಡಬೇಕು.

"ನನಗೆ ಓದ್ಲಿಕ್ಕೆ ಬರುದಿಲ್ಲ, ಈ ಪ್ರಾಯದಲ್ಲಿ ಇದೆಲ್ಲ ಬರ್ತದಾ?" ಎಂದು ಕೇಳಿದರು.

"ಓದುದು ಮೊಬೈಲಿನ ಕೆಲಸ. ನೀವು ಕೇಳಿದ್ರೆ ಸಾಕು" ಎಂದೆ.

ಬೀಡಿ ಕಟ್ಟಿದ ಬೆರಳು, ಎಂತಹ ನಯ! ಎಲ್ಲಿ ಎಷ್ಟು ಒತ್ತಬೇಕೆಂದು ಎರಡೇ ಶನಿವಾರದಲ್ಲಿ ತಿಳಿದುಕೊಂಡರು. ನಾನು ಒಂದು ತಿಂಗಳು ಒದ್ದಾಡಿ ಕಲಿತದ್ದು ಅದು. ಮೂರನೆಯ ವಾರ ಮೇಜಿನ ಎದುರು ಕೂತು ಒಂದೊಂದೇ ಹೆಸರು ಸರಿಸುತ್ತಾ ಹೋದರು. ತಂಗಿಯ ಹೆಸರು ಕೇಳಿದ್ದೇ ಬೆರಳು ನಿಲ್ಲಿಸಿ ಎರಡು ಸಲ ತಟ್ಟಿದರು. ಆ ಕಡೆ ರಿಂಗಾಯಿತು. ತಂಗಿ ಎತ್ತಿ, ಫೋನ್ ಮಾಡಿಕೊಟ್ಟದ್ದು ಯಾರು ಎಂದು ತಮ್ಮ ಬ್ಯಾರಿ ಭಾಷೆಯಲ್ಲಿ ಕೇಳಿದಳಂತೆ.

ಅವರು ಅದಕ್ಕೆ ಬ್ಯಾರಿಯಲ್ಲಿ ಉತ್ತರ ಕೊಟ್ಟರು. ಆಮೇಲೆ ನಮಗೂ ತಿಳಿಯಲಿ ಎಂದು ಕನ್ನಡದಲ್ಲಿ ಇನ್ನೊಮ್ಮೆ, ಹೊರಗಿನ ರಸ್ತೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು: "ನಾನೇ! ನಾನೇ ಮಾಡಿದ್ದು!"